ಒಂದೇ ಪಾಳಿಯ ಗಿರಣಿ

ಅವರ ಕಣ್ಣಿನ ರೆಪ್ಪೆಗಳು ಸದಾ ಬೆಳ್ಳಗಿರುತ್ತಿದ್ದವು. ಹುಬ್ಬು, ಕಿವಿಯಂಚಿನ ಕೂದಲು, ಮುಂಗೈ ಮೇಲಿನ ರೋಮ, ಎಲ್ಲದರ ಮೇಲೂ ಜೋಳದ ಹಿಟ್ಟು ತೆಳ್ಳಗೆ ಕುಳಿತಿರುತ್ತಿತ್ತು. ನಡುವೆ ಎರಡು ಕಣ್ಣುಗಳು ಮಾತ್ರ ಕಪ್ಪಾಗಿ, ತೇವವಾಗಿ ಕಾಣುತ್ತಿದ್ದವು. ಎಂಜಿನ್ನಿನ ಸದ್ದಿನಲ್ಲೇ ಬದುಕಿದ್ದರಿಂದ ಅವರಿಗೆ ಮೆಲ್ಲಗೆ ಮಾತನಾಡಲು ಬರುತ್ತಿರಲಿಲ್ಲ. ಗುಟ್ಟನ್ನೂ ಇಡೀ ಬೀದಿಗೆ ಕೇಳುವಂತೆ ಹೇಳುತ್ತಿದ್ದರು. ಜೋರಾಪುರ ಪೇಟೆಯ ಮಕ್ಕಳಿಗೆಲ್ಲ ಅವರು ಗಿರಣಿ ಕಾಕಾ. ಬಬಲೇಶ್ವರದ ಕುರಿಗಾರರ ಮನೆತನದವರು. ತಮ್ಮ ಪಾಲಿಗೆ ಬಂದ ಕುರಿಗಳನ್ನು ಮಾರಿ ಒಂದು ಎಂಜಿನ್ನು, ಒಂದು ಜೊತೆ ಬೀಸುವ ಕಲ್ಲು ಕೊಂಡು, ಐವತ್ತರ ದಶಕದ ಕೊನೆಯಲ್ಲಿ ವಿಜಾಪುರಕ್ಕೆ ಬಂದು, ನನ್ನ ತಂದೆಯವರ ಮಳಿಗೆಯನ್ನು ಬಾಡಿಗೆಗೆ ಹಿಡಿದರು. ಅದರ ಪಕ್ಕದಲ್ಲೇ ತಂದೆಯವರ ಬಟ್ಟೆ ಅಂಗಡಿ, ಅದರ ಹಿಂದೆ ನಮ್ಮ ಮನೆ.

ಪೇಟೆಯ ಚಿಕ್ಕ ಅಂಗಡಿಗಳ ಬಗ್ಗೆ ಈಗ ಅನೇಕರು ಮಮತೆಯಿಂದ ಬರೆಯುತ್ತಾರೆ. ಅಂಗಡಿಕಾರನಿಗೆ ಗಿರಾಕಿಯ ಮನೆಮಂದಿಯೆಲ್ಲ ಗೊತ್ತಿದ್ದರು, ಮಕ್ಕಳ ಕೈಗೆ ಬೆಲ್ಲದ ಚೂರು ಕೊಡುತ್ತಿದ್ದ ಎನ್ನುತ್ತಾರೆ. ಸುಳ್ಳಲ್ಲ, ನನ್ನ ಕೈಗೂ ಆ ಬೆಲ್ಲ ಬಿದ್ದಿದೆ. ಆದರೆ ಎಲ್ಲರನ್ನೂ ಬಲ್ಲ ಅಂಗಡಿಕಾರನಿಗೆ ಯಾರನ್ನು ಎಲ್ಲಿ ನಿಲ್ಲಿಸಬೇಕೆಂಬುದೂ ಚೆನ್ನಾಗಿ ಗೊತ್ತಿತ್ತು. ಇಬ್ರಾಹಿಂಪುರದ ರೈಲು ಹಳಿಯ ಬದಿಯ ಕೇರಿಯವರಿಗೆ ಕಿರಾಣಿಯವನು ಉಪ್ಪಿನ ಪುಡಿಕೆಯನ್ನು ಮೇಲಿಂದ ಉಡಿಗೆ ಎಸೆಯುತ್ತಿದ್ದ. ಚಹಾದ ಅಂಗಡಿಯಲ್ಲಿ ಅವರ ಬಟ್ಟಲುಗಳು ಹೊರಗಿನ ಗೂಡಿನಲ್ಲಿದ್ದವು. ಕ್ಷೌರದ ಅಂಗಡಿಯ ಕತ್ತರಿ ಅವರ ತಲೆಯನ್ನು ಮುಟ್ಟುತ್ತಿರಲಿಲ್ಲ. ನನ್ನ ತಂದೆಯವರ ಅಂಗಡಿಯಲ್ಲಿ ಕೇರಿಯ ಹೆಣ್ಣುಮಕ್ಕಳು ಮೆಟ್ಟಿಲ ಕೆಳಗೆ ನಿಂತು ಬೆರಳು ತೋರಿಸಿ ಸೀರೆ ಕೊಳ್ಳಬೇಕಿತ್ತು. ನೂಲು ನಯವೋ ಒರಟೋ ಎಂಬುದು ಮನೆಗೆ ಒಯ್ದ ಮೇಲೆಯೇ ಅವರಿಗೆ ತಿಳಿಯುತ್ತಿತ್ತು. ಆ ಕೇರಿಯ ಕೆಲವರು ಆಗಷ್ಟೇ ಬೌದ್ಧರಾಗಿದ್ದರು. ಪೇಟೆಯವರ ನಾಲಿಗೆಯ ಮೇಲೆ ಅವರ ಹಳೆಯ ಹೆಸರೇ ಉಳಿಯಿತು. ಇದೆಲ್ಲ ಅಪರಾಧವೆಂದು ಕಾನೂನು ಬಂದಾಗಿತ್ತು. ನಮ್ಮ ಶಾಲೆಯ ಗೋಡೆಯ ಮೇಲೆ ಸಮಾನತೆಯ ವಾಕ್ಯಗಳನ್ನು ದುಂಡಗೆ ಬರೆಸಿದ್ದರು. ಆ ಗೋಡೆಗೆ ಒರಗಿ ಕುಳಿತು ಓದಿದ ನಾನು ಅವನ್ನು ನಂಬಿದೆ. ಬರೆಸಿದವರು ನಂಬಿದ್ದರೆಂದು ಹೇಳಲಾರೆ.

ಗಿರಣಿಯ ಪೇಚು ಬೇರೆ ಬಗೆಯದು. ಎಷ್ಟೇ ಬಳಿದರೂ ಕಲ್ಲುಗಳ ನಡುವೆ ಹಿಂದಿನವರ ಹಿಟ್ಟು ಒಂದು ಹಿಡಿಯಷ್ಟು ಉಳಿಯುತ್ತದೆ. ಮುಂದಿನವರ ಜೋಳ ಬಿದ್ದಾಗ ಮೊದಲು ಹೊರಬರುವುದು ಅದೇ. ಅಂದರೆ ಪ್ರತಿ ಮನೆಯ ರೊಟ್ಟಿಯಲ್ಲೂ ಇನ್ನೊಂದು ಮನೆಯ ಒಂದು ಹಿಡಿ ಹಿಟ್ಟು ಸೇರುತ್ತದೆ. ಪೇಟೆಯವರನ್ನು ಕಾಡಿದ್ದು ಈ ಹಿಡಿ. ಅದಕ್ಕಾಗಿಯೇ ಅವರೊಂದು ಕ್ರಮ ಮಾಡಿಕೊಂಡಿದ್ದರು. ಗಿರಣಿಯಲ್ಲಿ ಜನ ಸಾಲು ನಿಲ್ಲುತ್ತಿರಲಿಲ್ಲ, ಬುಟ್ಟಿಗಳು ನಿಲ್ಲುತ್ತಿದ್ದವು. ಪೇಟೆಯವರ ಬುಟ್ಟಿ ಮತ್ತು ಡಬ್ಬಿಗಳು ಕಟ್ಟೆಯ ಮೇಲೆ, ಕೇರಿಯವರವು ಕೆಳಗೆ ಗಟಾರದ ಪಕ್ಕ. ಮೇಲಿನವು ಪೂರಾ ಮುಗಿದ ಮೇಲೆ ಕೆಳಗಿನವರ ಪಾಳಿ. ಒಂದು ರಾತ್ರಿ ಕಳೆದರೆ ಕಲ್ಲು ಮತ್ತೆ ಶುದ್ಧವಾಗುತ್ತದೆಂಬುದು ಪೇಟೆಯವರ ಲೆಕ್ಕ. ಮೊದಲ ಕೆಲವು ವರ್ಷ ಕಾಕಾ ಕೂಡ ಈ ಕ್ರಮವನ್ನೇ ಪಾಲಿಸಿದರು. ಅದನ್ನು ಮುಚ್ಚಿಟ್ಟು ಅವರನ್ನು ದೊಡ್ಡವರನ್ನಾಗಿ ಮಾಡುವ ಅಗತ್ಯವಿಲ್ಲ.

ಅವರ ಹಟವೆಲ್ಲ ಹಿಟ್ಟಿನ ಮೇಲಿತ್ತು. ಕಲ್ಲಿನಿಂದ ಇಳಿಯುವ ಹಿಟ್ಟನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡುವರು; ಬಿಸಿಯಾಯಿತೆನಿಸಿದರೆ ಎಷ್ಟೇ ಗದ್ದಲವಿದ್ದರೂ ಎಂಜಿನ್ ನಿಲ್ಲಿಸಿಬಿಡುವರು. "ಸುಟ್ಟ ಹಿಟ್ಟಿನ ರೊಟ್ಟಿ ಹರೀತೈತಿ. ಆಮ್ಯಾಲ ಸೊಸಿನ್ನ ಬೈತೀರಿ, ಆ ಪಾಪ ನನಗ ಬ್ಯಾಡ," ಎಂದು ಕೂಗುವರು. ತರಿತರಿಯಾಯಿತೆಂದು ಯಾರಾದರೂ ಆಕ್ಷೇಪಿಸಿದರೆ ಅದನ್ನು ತಮ್ಮ ಮನೆಗೆ ಒಯ್ದು, ಅಷ್ಟೇ ಹಿಟ್ಟನ್ನು ತಮ್ಮದರಿಂದ ತುಂಬಿ ಕೊಡುವರು. ಅವರು ಕುಡಿಯುವ ಚಹಾದ ಮೇಲೆ ಹಿಟ್ಟು ಕೆನೆಯಂತೆ ತೇಲುತ್ತಿತ್ತು. "ನಮಗ ಬ್ಯಾರೆ ಊಟ ಬೇಕಾಗಂಗಿಲ್ಲ," ಎಂದು ನಗುತ್ತಿದ್ದರು.

ಒಂದು ಪಂಚಮಿಯ ಹಬ್ಬ ಹತ್ತಿರ ಬಂದಿತ್ತು. ಕಟ್ಟೆಯ ಮೇಲೆ ಡಬ್ಬಿ ಇಡಲು ಜಾಗವಿರಲಿಲ್ಲ. ಕೇರಿಯಿಂದ ಒಬ್ಬ ಹೆಣ್ಣುಮಗಳು, ಸುಗ್ಗಿಯಲ್ಲಿ ಹೊಲದ ಕೂಲಿಗೂ ಉಳಿದ ದಿನಗಳಲ್ಲಿ ಧಾನ್ಯದ ಅಡತಿ ಅಂಗಡಿಗಳಲ್ಲಿ ಕಾಳು ಹಸನು ಮಾಡಲೂ ಹೋಗುವವಳು, ಎರಡು ದಿನ ಮುಂಜಾನೆ ಬುಟ್ಟಿ ಇಟ್ಟು ಎರಡು ದಿನವೂ ಪಾಳಿ ಸಿಗದೆ ಹೋಗಿದ್ದಳು. ಮೂರನೆಯ ಮುಂಜಾನೆ ಬಂದು ಬುಟ್ಟಿಯನ್ನು ಎತ್ತಿಕೊಳ್ಳುವಾಗ ನಾನು ನಮ್ಮ ಮನೆಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದೆ. ಆಗ ನಾನು ಕಾಲೇಜಿನ ಮೊದಲ ವರ್ಷದಲ್ಲಿದ್ದೆ.

"ಯಾಕ ಬೇ, ಒಯ್ಯಾಕತ್ತಿ?" ಎಂದರು ಕಾಕಾ.

"ಕುದಿಸಿ ಹಾಕ್ತೇನ್ರಿ ಹುಡುಗರಿಗೆ. ನಿನ್ನೀನೂ ಇದರಾಗಿಂದ ಒಂದೀಟ ಒಯ್ದು ಅದನ್ನ ಹಾಕೇನಿ."

"ತಡಿ, ಇವತ್ತ ಪಾಳಿ ಬರತೈತಿ."

ಅವಳು ಬುಟ್ಟಿಯನ್ನು ಸೊಂಟಕ್ಕಿಟ್ಟುಕೊಂಡು ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವರ ಹಾಗೆ ಕೇಳಿದಳು: "ರಾಶಿ ಮಾಡೂವಾಗ ನಮ್ಮನ್ನ ಮೊದ್ಲ ಕರೀತಾರ್ರಿ. ಜ್ವಾಳಾ ನಾವ ಕೊಯ್ತೇವಿ, ನಾವ ತೂರ್ತೇವಿ, ನಮ್ಮ ಕಾಲಾಗ ಬಿದ್ದಿರತೈತಿ. ಆಗ ಏನೂ ಆಗಂಗಿಲ್ಲ. ಬೀಸಿದ ಕೂಡ್ಲೆ ಮೈಲಿಗಿ ಎಲ್ಲಿಂದ ಬರತೈತ್ರಿ? ನಿಮ್ಮ ಕಲ್ಲಿನಾಗ ಐತೇನು ಅದು?"

"ಇಲ್ಲ ಬೇ," ಎಂದರು ಕಾಕಾ. "ಕಲ್ಲಿನಾಗ ಏನೂ ಇಲ್ಲ."

ಅವರು ಮೆಲ್ಲಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕಟ್ಟೆಯಿಂದ ಇಳಿದು, ಅವಳ ಬುಟ್ಟಿಯನ್ನು ತಾವೇ ತೆಗೆದುಕೊಂಡು ಹೋಗಿ, ಪೇಟೆಯವರ ಡಬ್ಬಿಗಳಿಗಿಂತ ಮೊದಲು ಕಲ್ಲಿಗೆ ಸುರಿದರು. ಆಮೇಲೆ ಗಟಾರದ ಪಕ್ಕದ ಬುಟ್ಟಿಗಳನ್ನೆಲ್ಲ ಮೇಲೆ ತಂದು ಬಂದ ಕ್ರಮದಲ್ಲಿ ಜೋಡಿಸಿ ಬೀದಿಗೆಲ್ಲ ಕೇಳುವಂತೆ ಹೇಳಿದರು: "ಇವತ್ತಿನಿಂದ ಒಂದ ಪಾಳಿ. ನಾ ಬುಟ್ಟಿ ನೋಡ್ತೇನಿ, ಮಾರಿ ನೋಡಂಗಿಲ್ಲ."

ಮರುದಿನ ಕಿರಾಣಿಯವರ ಹೆಂಡತಿ ಬಂದು ವಿಚಾರಣೆ ನಡೆಸಿದರು.

"ನಮ್ಮ ಜ್ವಾಳಾ ಯಾರ ಹಿಟ್ಟಿನ ಮ್ಯಾಲ ಬೀಸೀರಿ?"

"ಜ್ವಾಳದ ಹಿಟ್ಟಿನ ಮ್ಯಾಲರಿ ವೈನಿ."

"ಅದು ಗೊತ್ತೈತಿ. ಯಾರದು ಅಂತ ಕೇಳಿದೆ."

"ಕಲ್ಲಿಗೆ ಗೊತ್ತಿರಬೇಕ್ರಿ. ನನಗೇನೂ ಹೇಳಿಲ್ಲ ಅದು."

ಬೀದಿ ಎರಡು ದಿನ ನಕ್ಕಿತು, ಆಮೇಲೆ ಗಂಭೀರವಾಯಿತು. ಪೇಟೆಯ ಹಿರಿಯರು ಒಂದು ಉಪಾಯ ತಂದರು. ಕೇರಿಯವರ ಪ್ರತಿ ಬುಟ್ಟಿಯ ಹಿಂದೆ ಒಂದು ಹಿಡಿ ಜೋಳ ಹಾಕಿ ಕಲ್ಲನ್ನು ಶುದ್ಧ ಮಾಡಬೇಕು, ಆ ಹಿಟ್ಟನ್ನು ದನಕ್ಕೆ ಚೆಲ್ಲಬೇಕು, ಆ ಹಿಡಿ ಜೋಳವನ್ನು ಕೇರಿಯವರೇ ಕೊಡಬೇಕು. ಹಸಿದವನ ಬುಟ್ಟಿಯಿಂದ ತಮ್ಮ ಮಡಿಯ ಸುಂಕವನ್ನು ಎತ್ತುವ ಈ ಮಾತನ್ನು ನ್ಯಾಯವೆಂದೇ ಅವರು ತಿಳಿದಿದ್ದರು. "ಮಡಿ ನಿಮಗ ಬೇಕಾಗೈತಿ," ಎಂದರು ಕಾಕಾ. "ಆ ಹಿಡಿ ನೀವ ತರ್ರಿ, ನೀವ ಹಾಕ್ರಿ, ನೀವ ಚೆಲ್ರಿ. ನಾ ಬ್ಯಾಡ ಅನ್ನಂಗಿಲ್ಲ." ಯಾರೂ ತರಲಿಲ್ಲ. ತಮ್ಮ ಮಡಿಗಾಗಿ ತಮ್ಮದೇ ಒಂದು ಹಿಡಿ ಜೋಳ ಕಳೆದುಕೊಳ್ಳಲು ಇಡೀ ಪೇಟೆಯಲ್ಲಿ ಒಬ್ಬರೂ ಸಿದ್ಧರಿರಲಿಲ್ಲ.

ಬದಲಿಗೆ ಕಟ್ಟೆಯ ಮೇಲಿನ ಡಬ್ಬಿಗಳು ಒಂದೊಂದಾಗಿ ಮಾಯವಾದವು. ಆಳುಗಳಿದ್ದ ಮನೆಯವರು ಊರಿನ ಇನ್ನೊಂದು ತುದಿಯ ಗಿರಣಿಗೆ ಕಳಿಸತೊಡಗಿದರು. ಹೊರುವವರಿಲ್ಲದ ಬಡ ಮನೆಯವರು ಮಾತ್ರ ಬೈದುಕೊಳ್ಳುತ್ತಲೇ ಕಾಕಾ ಅವರಲ್ಲಿಗೆ ಬರುತ್ತಿದ್ದರು, ಅದೇ ಕಲ್ಲಿನ ಹಿಟ್ಟು ಒಯ್ದು ರೊಟ್ಟಿ ಬಡಿಯುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಕೇರಿಯವರೂ ಈ ಬಡವರೂ ಕೂಡಿ ಗಿರಣಿಯನ್ನು ಹೇಗೋ ನಡೆಸಿದರು. ಒಂದೇ ಪಾಳಿ ಹೀಗೆಯೇ ಬೇರು ಬಿಡುತ್ತದೆಂದು ನಾನು ಹಿಗ್ಗಿದೆ. ಪೇಟೆಯ ಹಿರಿಯರಿಗೂ ಅದೇ ಭಯ ಹುಟ್ಟಿರಬೇಕು. ಅವರು ನನ್ನ ತಂದೆಯವರ ಬಳಿಗೆ ಬಂದರು.

ತಂದೆಯವರು ಒರಟರಲ್ಲ. ಕಾಕಾ ಅವರನ್ನು ಅಂಗಡಿಗೆ ಕರೆಸಿ, ಕೂಡ್ರಿಸಿ, ಸಮಾಧಾನದಿಂದಲೇ ಮಾತನಾಡಿದರು. ಒಳಬಾಗಿಲ ಬಳಿ ನಿಂತು ನಾನು ಕೇಳಿದೆ.

"ಇನ್ನೊಂದು ಕಲ್ಲ ಇಡು. ಖರ್ಚು ನಂದು. ಒಂದು ಪ್ಯಾಟಿಯವರಿಗೆ, ಒಂದು ಅವರಿಗೆ. ಮುಂಜಾನಿಂದ ಅವರದೂ ಬೀಸು, ಯಾರು ಬ್ಯಾಡ ಅಂತಾರ? ಅವರ ಹುಡುಗರೂ ಉಪವಾಸ ಇರಂಗಿಲ್ಲ, ನಮಗೂ ತ್ರಾಸ ಇಲ್ಲ."

"ಹಂಗ ಮಾಡಾಕ ಬರಂಗಿಲ್ಲರಿ ಸಾವಕಾರ."

"ಯಾಕ ಬರಂಗಿಲ್ಲ?"

"ಮೈಲಿಗಿ ಕಲ್ಲಿನಾಗ ಐತೇನು ಅಂತ ಆ ಹೆಣ್ಣಮಗಳು ಕೇಳಿದ್ಳರಿ. ಇಲ್ಲ ಅಂದೇನಿ. ಈಗ ಬ್ಯಾರೆ ಕಲ್ಲ ಇಟ್ರ, ಐತಿ ಅಂದಂಗಾತಲ್ಲ."

ತಂದೆಯವರು ಮುಂದಿದ್ದ ಬಟ್ಟೆಯನ್ನು ಮಡಚಿಡುತ್ತ ಹೇಳಿದರು: "ಮಾಳಿಗಿ ಸೋರಾಕತ್ತೈತಿ. ರಿಪೇರಿ ಮಾಡಸಬೇಕು. ಮುಂದಿನ ಅಮಾಸಿಗೆ ಮಳಿಗಿ ಖಾಲಿ ಮಾಡು."

ಇದರಲ್ಲಿ ಕಾನೂನಿನ ಕೈಗೆ ಸಿಗುವುದು ಒಂದೂ ಇರಲಿಲ್ಲ. ಯಾವ ಗಿರಣಿಗೆ ಹೋಗಬೇಕೆಂಬುದು ಗಿರಾಕಿಯ ಇಷ್ಟ, ಮಳಿಗೆಯಲ್ಲಿ ಯಾರನ್ನಿಡಬೇಕೆಂಬುದು ಮಾಲೀಕನ ಹಕ್ಕು. ಅಸ್ಪೃಶ್ಯತೆಯನ್ನು ಆಚರಿಸಿದವನಿಗೆ ಶಿಕ್ಷೆ ಕೊಡುವ ಕಾನೂನಿತ್ತು. ಆಚರಿಸಲು ಒಪ್ಪದವನಿಗೆ ಮಾಳಿಗೆ ರಿಪೇರಿಯ ಹೆಸರಿನಲ್ಲಿ ಬಿದ್ದ ಶಿಕ್ಷೆಯನ್ನು ತಡೆಯಲು ಆ ಕಾನೂನಿಗೆ ಬರುತ್ತಿರಲಿಲ್ಲ. ನಾನು ಮನೆಯಲ್ಲಿ ಈ ಮಾತನ್ನೆಲ್ಲ ಎತ್ತಿ ಜಗಳವಾಡಿದೆ. ತಂದೆಯವರು ತಾಯಿಯ ಕಡೆ ತಿರುಗಿ, "ಸಾಲಿ ಕಲಿಸಿದ್ದು ಹೆಚ್ಚಾತು," ಎಂದರು.

ಕಾಕಾ ಮಳಿಗೆ ಬಿಟ್ಟರು. ಮಾಳಿಗೆಯ ರಿಪೇರಿ ಆಗಲಿಲ್ಲ. ಕರೆಂಟು ಬಂದಿತು, ಅದೇ ಮಳಿಗೆಯಲ್ಲಿ ತಂದೆಯವರ ಪರಿಚಯದವರೊಬ್ಬರು ಎರಡು ಜೊತೆ ಕಲ್ಲಿನ ಹೊಸ ಗಿರಣಿ ಹಾಕಿದರು. ಒಂದರ ಮುಂದೆ ಕಟ್ಟೆಯ ಸಾಲು, ಇನ್ನೊಂದರ ಮುಂದೆ ಹಿತ್ತಲ ಬಾಗಿಲ ಸಾಲು. ಕೇರಿಯವರೂ ಅಲ್ಲಿಗೆ ಹೋದರು. ಉಣ್ಣದೆ ಇರಲು ಯಾರಿಗೂ ಬರುವುದಿಲ್ಲ. ಅವರನ್ನು ದೂರುವ ಹಕ್ಕು ನಮ್ಮಂಥವರಿಗೆ ಇಲ್ಲವೇ ಇಲ್ಲ. ಇದನ್ನು ಸುಧಾರಣೆ ಎಂದು ಕರೆದವರನ್ನು ಮಾತ್ರ ನಾನು ಇಂದಿಗೂ ಕ್ಷಮಿಸಿಲ್ಲ.

ಕಾಕಾ ಮೊದಲು ತಿಕೋಟಾಕ್ಕೆ ಹೋದರು. ಅವರ ಸುದ್ದಿ ಅವರಿಗಿಂತ ಮೊದಲಿನ ಬಸ್ಸಿನಲ್ಲೇ ಹೋಗಿತ್ತು. ಮಳಿಗೆ ಕೊಡುತ್ತೇನೆಂದಿದ್ದವರು ಮಾತು ಬದಲಿಸಿದರು. ಕೊನೆಗೆ ಬಬಲೇಶ್ವರಕ್ಕೇ ಮರಳಿದರು. ಸ್ವಂತ ಊರು, ಸ್ವಂತ ಜನ. ಆದರೂ ಊರೊಳಗೆ ಜಾಗ ಹುಟ್ಟಲಿಲ್ಲ. ಅಲ್ಲಿನ ಕೇರಿಯ ಅಂಚಿನ ಬಯಲಿನಲ್ಲಿ ತಗಡಿನ ಚಪ್ಪರ ಹಾಕಿ ಎಂಜಿನ್ ಕೂಡ್ರಿಸಿದರು.

ಅರವತ್ತರ ದಶಕ ಮುಗಿಯುತ್ತ ಬಂದಾಗ ನಾನು ಶಿಕ್ಷಕಿಯಾಗಿದ್ದೆ, ಅಸ್ಪೃಶ್ಯತೆಯ ವಿರುದ್ಧದ ಸಭೆಗಳಲ್ಲಿ ಭಾಷಣ ಮಾಡುತ್ತಿದ್ದೆ. ಅಂಥದೊಂದು ಸಭೆಗೆ ಬಬಲೇಶ್ವರಕ್ಕೆ ಹೋದಾಗ ಅವರನ್ನು ಕಂಡೆ. ವರ್ಷಗಳ ಹಿಟ್ಟಿನ ಧೂಳು ಎದೆಗಿಳಿದು ದಮ್ಮು ಹತ್ತಿತ್ತು. ಆ ದೊಡ್ಡ ದನಿ ತುಂಡಾಗಿತ್ತು. ಕೇರಿಯ ಬುಟ್ಟಿಗಳು ಸಾಲಾಗಿದ್ದವು, ಬೇರೆ ಒಂದು ಬುಟ್ಟಿಯೂ ಇರಲಿಲ್ಲ.

"ಇಲ್ಲಿ ಯಾರೂ ತಂಟಿ ಮಾಡಿಲ್ಲೇನ್ರಿ ಕಾಕಾ?"

"ಯಾಕ ಮಾಡ್ತಾರ? ಎಲ್ಲಾರಿಗೂ ಖುಷಿ ಆಗೈತಿ. ಊರವರು ಊರ ಗಿರಣಿಗೆ ಹೋಗ್ತಾರ. ಇದಕ್ಕ ಕೇರಿ ಗಿರಣಿ ಅಂತ ಹೆಸರಿಟ್ಟಾರ." ಉಸಿರಿಗಾಗಿ ನಿಂತು ಮುಂದುವರಿಸಿದರು: "ನೋಡ ತಂಗಿ, ಒಂದ ಪಾಳಿ ಮಾಡಬೇಕಂತ ಹೊಂಟಾಂವ ನಾ. ನಿಮ್ಮಪ್ಪಾರು ಎರಡು ಕಲ್ಲ ಕೇಳಿದ್ರು. ನಾ ಎರಡು ಗಿರಣಿನ ಮಾಡಿ ಕೊಟ್ಟೆ."

"ಹಂಗಲ್ಲರಿ ಕಾಕಾ, ನೀವು ಮಾಡಿದ್ದು—"

"ಸಮಾಧಾನ ಹೇಳಬ್ಯಾಡ. ಅದನ್ನ ಸಭಾದಾಗ ಹೇಳು."

ನಾನು ಸಭೆಯಲ್ಲೂ ಹೇಳಲಿಲ್ಲ. ಹೇಳಿಕೊಳ್ಳುವಂಥ ಗೆಲುವು ಅಲ್ಲಿ ಇರಲಿಲ್ಲ.

ಅದೇ ಚಳಿಗಾಲದಲ್ಲಿ ಅವರು ತೀರಿಕೊಂಡರು. ಸುದ್ದಿ ತಡವಾಗಿ ತಲುಪಿ, ನಾನು ಮೂರನೆಯ ದಿನ ಹೋದೆ. ಬಿಡಾರದಂಥ ಆ ಮನೆಯ ಅಂಗಳದಲ್ಲಿ ಅವರ ಬಳಗದ ಗಂಡಸರು ಕಂಬಳಿ ಹಾಸಿ ಕುಳಿತಿದ್ದರು. ಎಂಜಿನ್ ನಡೆಸುವವರಿಲ್ಲದ್ದರಿಂದ ಕೇರಿಯ ಹೆಂಗಸರು ಮೂಲೆಗಿಟ್ಟಿದ್ದ ಬೀಸುಕಲ್ಲುಗಳನ್ನು ತೆಗೆದು, ಕೈಯಿಂದ ಬೀಸಿ, ಸಾವಿನ ಮನೆಯ ಊಟಕ್ಕೆಂದು ಒಂದು ಬುಟ್ಟಿ ಹಿಟ್ಟು ತಂದಿದ್ದರು. ಬಳಗದ ಹಿರಿಯನೊಬ್ಬ ಕುಳಿತಲ್ಲಿಂದಲೇ, "ಅಲ್ಲೇ ಹೊರಗ ಇಡ್ರಿ. ಆಮ್ಯಾಲ ನೋಡೂಣು," ಎಂದ.

ಕಾಕಾ ಅವರ ಹೆಂಡತಿ, ನಮಗೆಲ್ಲ ಕಾಕು, ಒಳಗಿನಿಂದ ಬಂದರು. ಯಾರನ್ನೂ ನೋಡದೆ ಬುಟ್ಟಿಯನ್ನೆತ್ತಿ ಒಲೆಯ ಬಳಿಗೆ ಒಯ್ದು ಹಿಟ್ಟು ನಾದಿದರು. ಮೊದಲ ರೊಟ್ಟಿ ಬಡಿಯುವ ಸದ್ದು ಕೇಳಿದ ಮೇಲೆ ಅಂಗಳದ ಗಂಡಸರು ಎದ್ದು, ಕಂಬಳಿ ಝಾಡಿಸಿಕೊಂಡು ಒಬ್ಬೊಬ್ಬರಾಗಿ ಹೊರಟರು. ಕಾಕು ಅವರನ್ನು ತಡೆಯಲಿಲ್ಲ. ಹಿಟ್ಟು ತಂದ ಹೆಂಗಸರನ್ನೂ ನನ್ನನ್ನೂ ಒಂದೇ ಸಾಲಿನಲ್ಲಿ ಕೂಡ್ರಿಸಿ, "ಬಿಸಿ ಇದ್ದಾಗ ತಿನ್ರಿ," ಎಂದಷ್ಟೇ ಹೇಳಿದರು. ನಾವು ತಿಂದೆವು.

ಮನೆಗೆ ಬಂದಾಗ ತಂದೆಯವರು ಕೇಳಿದರು: "ಅಲ್ಲಿ ಉಂಡೇನು?"

"ಉಂಡೆ."

"ಯಾರ ಜೋಡಿ?"

ಹೇಳಿದೆ. ಅವರು ಬೈಯಲಿಲ್ಲ. ಮರುದಿನ ಅಡುಗೆಮನೆಯಲ್ಲಿ ಎಲ್ಲರ ತಾಟುಗಳು ಇದ್ದಲ್ಲೇ ಇದ್ದವು, ನನ್ನದೊಂದು ಹೊರಗಿನ ಪಡಸಾಲೆಯಲ್ಲಿತ್ತು. ತಾಯಿ ತಲೆ ತಗ್ಗಿಸಿಕೊಂಡು ಬಡಿಸಿ ಒಳಗೆ ಹೋದಳು. ಹುಟ್ಟಿ ಬೆಳೆದ ಮನೆಯಲ್ಲಿ ಒಬ್ಬಳೇ ಕುಳಿತು ಉಂಡೆ. ಆ ಊಟದ ರುಚಿ ಕೇರಿಯ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತಿರುತ್ತದೆ. ಅಷ್ಟು ವರ್ಷ ಅದರ ವಿರುದ್ಧ ಭಾಷಣ ಮಾಡಿದ್ದ ನನಗೆ ಅದು ಗೊತ್ತಾದದ್ದು ಅಂದು. ಗಿರಣಿ ಕಾಕಾ ಅವರಿಗೆ ನಾನು ಋಣಿಯಾಗಿರುವುದು ಇದಕ್ಕಾಗಿ.