ಹಿಂದಿನ ಸೀಟಿನ ಮ್ಯಾಟಿನಡಿ

ಆಗ ನನಗೆ ಅರವತ್ತೊಂದು. ಒಂಬತ್ತು ವರ್ಷದ ಹಿಂದಿನ ಮಾತು, ಈಗ ಪುನಃ ನೆನಪಾದದ್ದು. ಮೊನ್ನೆ ಕಡಬದ ಗೊಬ್ಬರದ ಅಂಗಡಿಯ ಎದುರು ಒಬ್ಬರು ಹೊಸ ಕಾರಿನ ಡಿಕ್ಕಿಗೆ ಅಡಿಕೆಗೆ ಹೊಡೆಯುವ ಮೈಲುತುತ್ತಿನ ಚೀಲ ಏರಿಸುತ್ತಿದ್ದರು. ಚೀಲದ ಮೂಲೆ ಹರಿದು ನಾಲ್ಕು ನೀಲಿ ಹರಳು ಕೆಳಗೆ ಬಿದ್ದವು. ಬಿಸಿಲಿಗೆ ಅವು ಹೊಳೆದದ್ದೇ, ನಾನು ಎಂತ ತರಲು ಬಂದಿದ್ದೆ ಎಂಬುದೇ ಮರೆತುಹೋಯಿತು. "ಅಡಿಗೆ ದಪ್ಪ ಪ್ಲಾಸ್ಟಿಕ್ ಹಾಕಿ ಮಾರಾಯ್ರೆ" ಎಂದೆ. ಅವರು ತಿರುಗಿ ನೋಡಿದರು, ನಕ್ಕರು, ಡಿಕ್ಕಿ ಮುಚ್ಚಿ ಹೋದರು. ತಲೆ ಸರಿಯಿಲ್ಲದ ಅಜ್ಜಿ ಎಂದುಕೊಂಡಿರಬೇಕು. ಅವರಂತೂ ಕೇಳಲಿಲ್ಲ, ನೀವಾದರೂ ಕೇಳಿ.

ನಾನು ಕಲಿತದ್ದು ಮೂರನೇ ಕ್ಲಾಸು. ಸಹಿ ಹಾಕುತ್ತೇನೆ, ಬಸ್ಸಿನ ಬೋರ್ಡು ಓದುತ್ತೇನೆ. ಅದಕ್ಕಿಂತ ಉದ್ದದ್ದು ಓದಲು ಕೂತರೆ ನಿದ್ರೆ ಬರುತ್ತದೆ. ಆದರೆ ಕಾರು ಓಡಿಸಲು ಬರುತ್ತದೆ. ನಲುವತ್ತೆಂಟನೇ ವಯಸ್ಸಿನಲ್ಲಿ ಕಲಿತೆ. ಕಲಿಸಿದವರು ನನ್ನ ಯಜಮಾನರು, ಕೊಯ್ಲು ಮುಗಿದ ಗದ್ದೆಯಲ್ಲಿ. ಗೇರು ಬದಲಿಸುವಾಗ ಕೈಯನ್ನು ನೋಡಬೇಡ, ಎಂಜಿನ್ ಎಂತ ಹೇಳುತ್ತದೆ ಕೇಳು ಎನ್ನುತ್ತಿದ್ದರು. ಮೊದಲ ದಿನ ಗದ್ದೆಯ ಅಂಚಿನ ಹುಣಿ ಹತ್ತಿಸಿ ನಿಲ್ಲಿಸಿದೆ. ಎಂಜಿನ್ ಎಂತದೋ ಹೇಳಿತು, ಇವರೂ ಹೇಳಿದರು. ಎರಡನ್ನೂ ಇಲ್ಲಿ ಹೇಳುವ ಹಾಗಿಲ್ಲ.

ಹಳೇ ಕಾರು ಕ್ರಯಕ್ಕೆ ತೆಗೆಯುವುದಾದರೆ ಬೆಳಿಗ್ಗೆ ಹೋಗಿ, ಹೇಳದೆ ಹೋಗಿ. ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಡಿ. ಬಿಸಿಯಿದ್ದರೆ ನಿಮಗಿಂತ ಮೊದಲೇ ಯಾರೋ ಅದನ್ನು ಎಬ್ಬಿಸಿ ಸುಧಾರಿಸಿ ಇಟ್ಟಿದ್ದಾರೆ. ತಣ್ಣಗಿರುವಾಗ ಏಳದ ಎಂಜಿನ್ ಅದು. ಮೀಟರಿನ ಅಂಕೆ ನೋಡಬೇಡಿ, ಕ್ಲಚ್ ಪೆಡಲಿನ ರಬ್ಬರು ನೋಡಿ. ಅಂಕೆಯನ್ನು ಹಿಂದಕ್ಕೆ ತಿರುಗಿಸುವವರು ಇದ್ದಾರೆ, ಸವೆದ ರಬ್ಬರನ್ನು ಬೆಳೆಸುವವರು ಇನ್ನೂ ಹುಟ್ಟಲಿಲ್ಲ. ಉಪ್ಪಿನಂಗಡಿ ಕಡೆಯ ಕಾರಾದರೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಮೂಸಿ. ಅಲ್ಲಿ ಕೂಡುವ ಎರಡು ಹೊಳೆಯೂ ತುಂಬಿ ಬಂದ ವರ್ಷ ನೀರು ಕುಡಿದ ಕಾರು, ಎಷ್ಟು ತೊಳೆದರೂ ಬೆಲ್ಟಿನ ಬುಡದಲ್ಲಿ ಕೆಸರಿನ ವಾಸನೆ ಇಟ್ಟುಕೊಂಡಿರುತ್ತದೆ. ಮಾರುವವರು ನೆಂಟರಾದರೆ ಎರಡು ಸಲ ಮೂಸಿ.

ತೆಗೆದ ಮೇಲೆ ಹಲಸಿನ ಮರದಡಿ ನಿಲ್ಲಿಸಬೇಡಿ. ಮಳೆಗಾಲ ಮುಗಿದ ಕೂಡಲೇ ಅಡಿಭಾಗ ತೊಳೆಸಿ. ಮೇಲ್ಭಾಗ ಊರಿನವರು ನೋಡುವುದು, ಕಾರು ಬದುಕುವುದು ಅಡಿಭಾಗದಿಂದ. ನಾಲ್ಕು ದಿನ ಓಡಿಸದಿದ್ದರೆ ಇಲಿ ಬಂದು ವಯರು ಕಡಿಯುತ್ತದೆ, ಬಾನೆಟ್ಟಿನೊಳಗೆ ಹೊಗೆಸೊಪ್ಪಿನ ತುಂಡು ಇಡಿ. ವೀಳ್ಯಕ್ಕೆಂದು ನಾನು ತರುವ ಹೊಗೆಸೊಪ್ಪಿನಲ್ಲಿ ಅರ್ಧ ಇಲಿಗಳ ಲೆಕ್ಕಕ್ಕೇ ಹೋಗಿದೆ.

ಇಷ್ಟೆಲ್ಲ ಗೊತ್ತಿದ್ದವಳ ಕೈಯಲ್ಲೇ ಆದದ್ದು ಕೇಳಿ.

ನಮ್ಮದೊಂದು ಬಿಳಿ ಕಾರಿತ್ತು. ಇವರ ಕಿಡ್ನಿ ಕೆಟ್ಟ ಮೇಲೆ ಅದೇ ನಮ್ಮ ಕೈಕಾಲು. ಸೋಮವಾರ, ಗುರುವಾರ ಕೊಲ್ಲಮೊಗ್ರಿನಿಂದ ಪುತ್ತೂರಿಗೆ, ರಕ್ತ ತೊಳೆಸಲು. ಬೆಳಕು ಹರಿಯುವ ಮೊದಲೇ ಹೊರಡುತ್ತಿದ್ದೆವು. ಆ ಹೊತ್ತಿನ ರಸ್ತೆಯನ್ನು ನೀವು ಹಗಲಿನಲ್ಲಿ ನೋಡಿದರೆ ಗುರುತು ಸಿಕ್ಕುವುದಿಲ್ಲ. ಮಂಜು ಕಾರಿನ ಎದುರು ಸ್ವಲ್ಪ ಸ್ವಲ್ಪವೇ ಜಾಗ ಬಿಡುತ್ತಿತ್ತು, ಹಿಂದಿನಿಂದ ಪುನಃ ಮುಚ್ಚಿಕೊಳ್ಳುತ್ತಿತ್ತು. ನಾವು ಹೋಗುತ್ತಿದ್ದೇವೋ, ನಿಂತಲ್ಲೇ ಇದ್ದು ಮರಗಳೇ ಹಿಂದಕ್ಕೆ ನಡೆದು ಹೋಗುತ್ತಿವೆಯೋ ಹೇಳಲಾಗದು. ಇವರು ಪಕ್ಕದಲ್ಲಿ ಶಾಲು ಹೊದ್ದು, ಗಾಜಿಗೆ ತಲೆ ಕೊಟ್ಟು ನಿದ್ರೆ ಮಾಡುವರು. ಪಂಜ ದಾಟುವಾಗ ಒಂದು ಸಲ ಕಣ್ಣು ತೆರೆದು "ಎಲ್ಲಿಗೆ ಬಂತು?" ಎನ್ನುವರು. "ಪಂಜ" ಎನ್ನುತ್ತಿದ್ದೆ. ಪುನಃ ನಿದ್ರೆ. ಕಾಣಿಯೂರಿನಲ್ಲಿ ಹೊಟೇಲಿನವರು ಒಲೆ ಹೊತ್ತಿಸುವ ಹೊಗೆ ರಸ್ತೆಗೆ ಅಡ್ಡ ಬಂದಿರುತ್ತಿತ್ತು. ಮಾತಿಲ್ಲ, ಕತೆಯಿಲ್ಲ. ಮದುವೆಯಾಗಿ ಮೂವತ್ತೈದು ವರ್ಷದಲ್ಲಿ ನಾವಿಬ್ಬರೇ ಅಷ್ಟು ಹೊತ್ತು ಹತ್ತಿರ ಕೂತದ್ದು ಆ ಕಾರಿನಲ್ಲೇ. ಕಾಯಿಲೆ ಒಳ್ಳೆಯದೆಂದು ಹೇಳುತ್ತಿಲ್ಲ. ಕೂತದ್ದು ಹೇಳಿದೆ, ಅಷ್ಟೆ.

ಆ ಕಾರಿಗೆ ಇನ್ನೊಂದು ಕೆಲಸವೂ ಇತ್ತು. ಮಳೆ ಹಿಡಿಯುವ ಮೊದಲು ಅಡಿಕೆಗೆ ಔಷಧಿ ಹೊಡೆಯಬೇಕಲ್ಲ. ನಮ್ಮ ಎರಡು ತುಂಡು ತೋಟದ ನಡುವೆ ಒಂದು ಮೈಲಿ. ಮೈಲುತುತ್ತು ಕರಗಿಸಿದ ನೀರನ್ನು ಕ್ಯಾನಿಗೆ ತುಂಬಿಸಿ ಹಿಂದಿನ ಸೀಟಿನ ಎದುರು, ಕಾಲಿಡುವ ಜಾಗದಲ್ಲಿ ಇಟ್ಟು ಕೊಂಡುಹೋಗುತ್ತಿದ್ದೆ. ಐದು ವರ್ಷ ಹಾಗೇ ಮಾಡಿದೆ. ತಿರುವಿನಲ್ಲಿ ಸ್ವಲ್ಪ ತುಳುಕುತ್ತಿತ್ತು. ಮ್ಯಾಟಿನ ಮೇಲೆ ಒಂದು ಚೊಂಬು ನೀರು ಹೊಯ್ದು ಸುಮ್ಮನಾಗುತ್ತಿದ್ದೆ.

ನಗಬೇಡಿ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆಂದು ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಯಾರೂ ಕಲಸುವುದಿಲ್ಲ. ಸುಣ್ಣ ಸೇರಿಸಿದ ಮೇಲೆ ಕತ್ತಿಯ ತುದಿ ಅದ್ದಿ ನೋಡುತ್ತೇವೆ; ಕತ್ತಿ ಕೆಂಪಾದರೆ ಸುಣ್ಣ ಸಾಲದು ಎಂದು ಲೆಕ್ಕ. ನಲುವತ್ತು ವರ್ಷ ಆ ಕತ್ತಿ ಅದ್ದಿದವಳು ನಾನು. ಆದರೆ ಕಾರು ಸಹ ಕಬ್ಬಿಣ ಎಂದು ನನ್ನ ತಲೆಗೆ ಹೋಗಲೇ ಇಲ್ಲ. ಕಾರು ಎಂದರೆ ಕಾರು. ಒಂದು ದಿನ ಬಿದ್ದ ಸ್ಪ್ಯಾನರ್ ಹುಡುಕಲು ಮ್ಯಾಟ್ ಎತ್ತಿದೆ. ಅಡಿಯಲ್ಲಿ ತಗಡು ಹಪ್ಪಳದ ಹಾಗೆ ಹುಡಿಹುಡಿ ಆಗಿತ್ತು. ಬೆರಳು ಒತ್ತಿದರೆ ಒಳಗೆ ಹೋಯಿತು. ತೂತಿನಲ್ಲಿ ಅಂಗಳದ ಹುಲ್ಲು ಕಂಡಿತು. ಮ್ಯಾಟನ್ನು ಮೊದಲಿದ್ದ ಹಾಗೇ ಹಾಕಿದೆ. ಜಗಲಿಯಲ್ಲಿ ಕೂತಿದ್ದ ಇವರು ನೋಡಿದರು.

ಆಮೇಲೆ ಎಂಜಿನ್ನೂ ಹಠ ಹಿಡಿಯಿತು. ದಾರಿಯಲ್ಲಿ ಎರಡು ಸಲ ನಿಂತಿತು. ಒಂದು ಸಲ ಪುತ್ತೂರಿನಿಂದ ಬರುವಾಗ ಇವರನ್ನು ಬಸ್ಸಿಗೆ ಹತ್ತಿಸಬೇಕಾಯಿತು. ರಕ್ತ ತೊಳೆಸಿದ ದಿನ ಮನುಷ್ಯ ಒಣ ಬಾಳೆ ಎಲೆಯ ಹಾಗೆ. ಸೀಟು ಸಿಕ್ಕಲಿಲ್ಲ. ಸವಣೂರು ದಾಟುವಾಗ ಕಂಬ ಹಿಡಿದಲ್ಲೇ ಜಾರಿ ಬಸ್ಸಿನ ನೆಲದಲ್ಲಿ ಕೂತುಬಿಟ್ಟರು. ಇನ್ನು ಬಸ್ಸು ಬೇಡ, ಬೇರೆ ಕಾರು ಆಗಲೇಬೇಕು ಎಂದು ಆವತ್ತೇ ನಿಶ್ಚಯ ಮಾಡಿದೆ.

ಪುತ್ತೂರಿನಲ್ಲಿ ಸೀತಾರಾಮ ಎಂಬ ಬ್ರೋಕರ್ ಇದ್ದ. ನನ್ನ ತಂಗಿಯ ಗಂಡನ ಕಡೆಯವನು, ನನ್ನನ್ನು ದೊಡ್ಡಮ್ಮ ಎನ್ನುತ್ತಿದ್ದ. ಒಂದು ಬೂದು ಬಣ್ಣದ ಕಾರು ತೋರಿಸಿದ. ಬಾನೆಟ್ ಮುಟ್ಟಿದೆ, ರಬ್ಬರು ನೋಡಿದೆ, ಬೆಲ್ಟ್ ಮೂಸಿದೆ. ಒಳ್ಳೆಯ ಕಾರು. ಆದರೆ ಮಾತು ಏನೆಂದರೆ, ನಮ್ಮ ಬಿಳಿ ಕಾರನ್ನು ತೆಗೆಯುವವರು ಸಿಕ್ಕಿದರೆ ಮಾತ್ರ ಬೂದು ಕಾರು ನಮಗೆ. ತೆಗೆಯುವವರನ್ನೂ ಅವನೇ ಹುಡುಕಿದ. ಪೆರಾಬೆಯ ಲಿಲ್ಲಿ ಟೀಚರ್.

ಮಂಗಳವಾರ ಬೆಳಿಗ್ಗೆ ಪುತ್ತೂರಿನಲ್ಲಿ, ಅವರು ಬರುವ ಮೊದಲು ಸೀತಾರಾಮ ನನ್ನನ್ನು ಪಕ್ಕಕ್ಕೆ ಕರೆದ.

"ದೊಡ್ಡಮ್ಮ, ಹಿಂದೆ ಹೊಸ ಮ್ಯಾಟ್ ಹಾಕಿದ್ದೇನೆ, ದಪ್ಪದ್ದು. ನೀವು ಎಂತ ಸಹ ಮಾತಾಡ್ಲಿಕ್ಕೆ ಹೋಗ್ಬೇಡಿ."

"ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ."

"ಸುಳ್ಳು ಯಾರು ಹೇಳ್ಲಿಕ್ಕೆ ಹೇಳಿದ್ದು? ಸುಮ್ಮನೆ ಕೂತ್ಕೊಳ್ಳಿ. ಹಲ್ಲುನೋವು ಅಂತ ಹೇಳ್ತೇನೆ."

"ನನ್ನ ಬಾಯಲ್ಲಿ ಹಲ್ಲು ಎಲ್ಲುಂಟು ಮಾರಾಯ?"

ಲಿಲ್ಲಿ ಟೀಚರ್ ಬಂದರು. ಮೂವತ್ತೆರಡು, ಮೂವತ್ತಮೂರು ವರ್ಷ ಇರಬಹುದು. ಅವರ ಅಜ್ಜನ ಕಾಲದಲ್ಲಿ ಕೇರಳದಿಂದ ಬಂದು ರಬ್ಬರು ತೋಟ ಮಾಡಿಕೊಂಡ ಮನೆಯವರು. ಜೊತೆಯಲ್ಲಿ ಐದು ವರ್ಷದ ಮಗಳು. ಮಗು ನೇರ ಹಿಂದಿನ ಸೀಟಿಗೆ ಹತ್ತಿತು. ಸೀಟಿನ ತುದಿಗೆ ಕೂತು, ಎರಡು ಕಾಲಿನಲ್ಲೂ ಮ್ಯಾಟನ್ನು ದಬದಬ ತುಳಿಯತೊಡಗಿತು.

"ಅಮ್ಮ, ಇಷ್ಟು ವರ್ಷ ನೀವೇ ಓಡಿಸಿದ್ದಾ?" ಎಂದು ಲಿಲ್ಲಿ ಟೀಚರ್ ಕೇಳಿದರು.

"ಹೌದು."

"ಹಾಗಾದ್ರೆ ನನಗೆ ಧೈರ್ಯ. ಎಂತಾದ್ರೂ ತೊಂದರೆ ಇದ್ರೆ ಈಗಲೇ ಹೇಳಿ ಅಮ್ಮ. ಶಾಲೆಗೆ ಹೋಗುವಾಗ ಮಗು ಹಿಂದೆ ಕೂರುದು."

ನಾನು ಬಾಯಿ ತೆರೆದೆ. ಸೀತಾರಾಮ ಆಕಾಶ ನೋಡಿದ. ನನ್ನ ಜೊತೆ ಬಂದಿದ್ದ ಇವರು ಬೂದು ಕಾರಿಗೆ ಆಗಲೇ ಹತ್ತಿ ಕೂತು, ಸೀಟನ್ನು ಹಿಂದಕ್ಕೆ ಮಾಡಿಕೊಂಡು, ಕಣ್ಣು ಮುಚ್ಚಿದ್ದರು.

"ಬೆಳಿಗ್ಗೆ ಸ್ಟಾರ್ಟಿಂಗ್‌ಗೆ ಹಠ ಮಾಡ್ತದೆ" ಎಂದೆ. "ದಾರಿಯಲ್ಲಿ ಎರಡು ಸಲ ನಿಂತದ್ದೂ ಉಂಟು. ಇವನು ಸರಿ ಮಾಡಿಸಿದ್ದಾನೆ, ನೀವು ಇನ್ನೊಮ್ಮೆ ತೋರಿಸಿ."

"ನೋಡಿ ಸೀತಾರಾಮಣ್ಣ, ಈ ಕಾಲದಲ್ಲಿ ಇಷ್ಟು ನೇರ ಹೇಳುವವರು ಯಾರಿದ್ದಾರೆ!" ಎಂದು ಅವರು ನನ್ನ ಕೈ ಹಿಡಿದುಕೊಂಡರು.

ಸಣ್ಣ ಸತ್ಯವನ್ನು ಎದುರಿಗೆ ಇಟ್ಟು ದೊಡ್ಡದನ್ನು ಮುಚ್ಚುವ ವಿದ್ಯೆ ನನಗೆ ಯಾರೂ ಕಲಿಸಿದ್ದಲ್ಲ. ಮೂರನೇ ಕ್ಲಾಸಿನಲ್ಲೂ ಇರಲಿಲ್ಲ. ಕಾಗದಕ್ಕೆ ಸಹಿ ಹಾಕಿದೆ. ಅಕ್ಷರ ಆವತ್ತು ಎಂದಿಗಿಂತ ಉರುಟಾಗಿ, ಚಂದವಾಗಿ ಬಂತು.

ಬೂದು ಕಾರು ಶಬ್ದವೇ ಇಲ್ಲದ ಕಾರು. ಮನೆಗೆ ಬರುವಾಗ ಚಕ್ರ ನೆಲಕ್ಕೆ ತಾಗುತ್ತಿದೆಯೋ ಇಲ್ಲವೋ ಎಂದು ಅನುಮಾನ. ಇವರು ನಿದ್ರೆಯಲ್ಲಿ. ಮಧ್ಯಾಹ್ನದ ಬಿಸಿಲು ಮರಗಳ ಎಡೆಯಿಂದ ಗಾಜಿನ ಮೇಲೆ ಬೀಳುವುದು, ಅಳಿಸುವುದು, ಪುನಃ ಬೀಳುವುದು. ನನಗೆ ನಿದ್ರೆ ಬಂದಿರಲಿಲ್ಲ, ಸ್ಟಿಯರಿಂಗ್ ಗಟ್ಟಿ ಹಿಡಿದಿದ್ದೆ. ಆದರೂ ಕಂಡಿತು. ನಮ್ಮ ಮುಂದೆ ಬಿಳಿ ಕಾರು ಹೋಗುತ್ತಿದೆ. ಅದರ ಹೊಟ್ಟೆಯ ಕೆಳಗೆ ಎರಡು ಪುಟ್ಟ ಕಾಲು ಇಳಿದು, ಟಾರಿನ ಮೇಲೆ ಓಡುತ್ತಿವೆ. ಕಾರಿನಷ್ಟೇ ಜೋರಾಗಿ, ಆಟದ ಹಾಗೆ. ನಾನು ನಿಧಾನ ಮಾಡಿದರೆ ಅದೂ ನಿಧಾನ. ಪಂಜದಲ್ಲಿ ಇವರು ಕಣ್ಣು ತೆರೆದು "ಎಲ್ಲಿಗೆ ಬಂತು?" ಎಂದಾಗ ನನಗೆ ಊರಿನ ಹೆಸರೇ ಬಾಯಿಗೆ ಬರಲಿಲ್ಲ.

ಸಂಜೆ ಚಾ ಕೊಟ್ಟೆ. ವೈದ್ಯರು ಹೇಳಿದ ಅಳತೆಯಷ್ಟೇ, ಅರ್ಧ ಲೋಟ. ಕುಡಿದು ಕೇಳಿದರು:

"ಹೇಳಿದೆಯಾ?"

"ಎಂತದ್ದು?"

"ಎಂತದ್ದು ಅಂತ ನಿನಗೆ ಗೊತ್ತುಂಟು."

"ಅವರು ಕೇಳಿದರು. ಸ್ಟಾರ್ಟಿಂಗ್‌ನದ್ದು ಹೇಳಿದೆ."

ಇವರು ತುಂಬಾ ಹೊತ್ತು ಅಂಗಳದಲ್ಲಿದ್ದ ಬೂದು ಕಾರನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನೂ ನಾಲ್ಕು ಮಾತು ತಿರುಗಿಸಿ ಕೊಡುತ್ತಿದ್ದೆ. ಯಾರಿಗಾಗಿ ಮಾಡಿದ್ದು ಎಂದು ಕೇಳುತ್ತಿದ್ದೆ. ನಾಲಗೆಯ ತುದಿಯಲ್ಲೇ ಇತ್ತು.

"ನಾಡಿದ್ದು ಗುರುವಾರ ಅಲ್ವಾ? ಪುತ್ತೂರಿಗೆ ಬೆಳಿಗ್ಗೆ ಬಸ್ಸು ಎಷ್ಟು ಗಂಟೆಗೆ ಉಂಟು?" ಎಂದರು.

"ಬಸ್ಸು ಎಂತಕ್ಕೆ? ಕಾರು ಉಂಟಲ್ಲ."

"ಮೊದಲು ಆರೂವರೆಗೆ ಒಂದು ಇತ್ತು" ಎಂದು ಹೇಳಿ ಲೋಟ ಕೆಳಗಿಟ್ಟರು.

ಮರುದಿನ ಬೆಳಿಗ್ಗೆ ಇವರಿಗೆ ಗಂಜಿ ಮಾಡಿಟ್ಟು, ಬೂದು ಕಾರಿನಲ್ಲಿ ಪೆರಾಬೆಗೆ ಹೊರಟೆ. ಕಡಬ ದಾಟುವಾಗ ಹಾಲಿನವರು ಇನ್ನೂ ರಸ್ತೆಯಲ್ಲಿದ್ದರು. ನಾನು ಅವರ ಮನೆಗೆ ಮುಟ್ಟುವಾಗ ಲಿಲ್ಲಿ ಟೀಚರ್ ಮಗುವಿಗೆ ಬೂಟು ಹಾಕಿಸಿ, ಬಿಳಿ ಕಾರಿನ ಹಿಂದಿನ ಬಾಗಿಲು ತೆರೆದಿದ್ದರು.

"ಮಗುವನ್ನು ಹತ್ತಿಸ್ಬೇಡಿ" ಎಂದೆ. ನಮಸ್ಕಾರವನ್ನೂ ಹೇಳಲಿಲ್ಲ. ಬಗ್ಗಿ ಮ್ಯಾಟ್ ಎತ್ತಿ ಹೊರಗೆ ಬಿಸಾಡಿದೆ. ಸ್ಕ್ರೂಡ್ರೈವರ್ ತಂದಿದ್ದೆ, ತಗಡಿಗೆ ಒತ್ತಿದೆ. ಹಿಡಿಯವರೆಗೂ ಒಳಗೆ ಹೋಯಿತು. "ಇದು ಮೈಲುತುತ್ತು ತಿಂದದ್ದು. ಅದನ್ನು ಕಾರಿನೊಳಗೆ ಇಟ್ಟವಳು ನಾನು. ಕಾರು ಬೇಡ ಅಂತಾದ್ರೆ ಬಿಟ್ಟುಬಿಡಿ, ಸೀತಾರಾಮನ ಹತ್ತಿರ ನಾನೇ ಮಾತಾಡ್ತೇನೆ."

ಅವರು ತೂತು ನೋಡಿದರು, ಮಗುವನ್ನು ಹತ್ತಿರ ಎಳೆದುಕೊಂಡರು. ಮುಖ ಕೆಂಪಾಗಿತ್ತು.

"ನಿನ್ನೆ ಯಾಕೆ ಹೇಳ್ಲಿಲ್ಲ?"

"ನಿನ್ನೆ ನನಗೆ ಆ ಕಾರು ಬೇಕಿತ್ತು."

"ಇವತ್ತು?"

"ಇವತ್ತೂ ಬೇಕು."

ಅವರು ಬಿಳಿ ಕಾರಿನ ಬಾಗಿಲನ್ನು ದಡಕ್ಕನೆ ಹಾಕಿದರು. "ಶಾಲೆಗೆ ತಡ ಆಗ್ತಾ ಉಂಟು. ಮೊದಲು ನಮ್ಮಿಬ್ಬರನ್ನು ಬಿಡಿ. ಮತ್ತೆ ಇದನ್ನು ಕೊಂಡುಹೋಗಿ ಹೊಸ ತಗಡು ಹಾಕಿಸಿ ತನ್ನಿ. ಸಂಜೆ ನಾನೇ ಚುಚ್ಚಿ ನೋಡಿ ತೆಗೊಳ್ಳುದು. ನಿಮ್ಮ ಬಾಯಿಮಾತು ಇನ್ನು ನನಗೆ ಬೇಡ ಅಮ್ಮ."

ಸರಿಯಾದ ಮಾತು. ಇಬ್ಬರನ್ನೂ ಶಾಲೆಗೆ ಬಿಟ್ಟೆ. ವಾಪಸ್ಸು ಬಂದು ಬಿಳಿ ಕಾರನ್ನು ಕಡಬದ ವೆಲ್ಡಿಂಗ್ ಅಂಗಡಿಗೆ ತೆಗೆದುಕೊಂಡು ಹೋದೆ. ತುಕ್ಕು ಕತ್ತರಿಸಿ ತೆಗೆದು, ಹೊಸ ತಗಡು ಕೂರಿಸಿ ಮುಗಿಯುವವರೆಗೆ ಅಲ್ಲೇ ಸ್ಟೂಲಿನಲ್ಲಿ ಕೂತೆ. ಮುಗಿದ ಮೇಲೆ ಚಪ್ಪಲಿ ಕಳಚಿ, ಹಿಂದಿನ ಸೀಟಿನ ತುದಿಗೆ ಕೂತು, ಎರಡು ಕಾಲಿನಲ್ಲೂ ಬಲವಾಗಿ ತುಳಿದು ನೋಡಿದೆ.