ಫಕೀರಪ್ಪನ ಕೊಕ್ಕಿ

ಬ್ಯಾಡಗಿ ಬಂತು ಅಂತ ಕಂಡಕ್ಟರ್ ಕೂಗಬೇಕಾಗಿಲ್ಲ ನೋಡ್ರಿ, ಮೂಗೇ ಹೇಳ್ತದ. ಮೊನ್ನೆ ರಾಣೆಬೆನ್ನೂರಿನಿಂದ ಹಾವೇರಿಗೆ ಹೊರಟವನು ಬ್ಯಾಡಗಿ ಮೇಲೆ ಹೋಗೋ ಬಸ್ ಹತ್ತಿದ್ದೆ. ಮೆಣಸಿನಕಾಯಿ ಘಾಟು ಕಿಟಕಿಯೊಳಗೆ ನುಗ್ಗಿದ್ದೇ ತಡ, ಸಾಲಾಗಿ ನಾಲ್ಕು ಸೀನು! ತೊಡೆ ಮೇಲಿದ್ದ ಭಾಷಣದ ಹಾಳೆ ಹಾರಿ ಪಕ್ಕದ ಅಜ್ಜಿಯ ಬುಟ್ಟಿಯೊಳಗೆ ಬಿತ್ತು. ಹಾವೇರಿಯ ಕಾಲೇಜೊಂದರಲ್ಲಿ ‘ಒಳ್ಳೆಯ ರಾಷ್ಟ್ರನಾಯಕನ ಗುಣಗಳು’ ಕುರಿತು ಮಾತಾಡಬೇಕಿತ್ತು. ದೂರದೃಷ್ಟಿ, ಧೈರ್ಯ, ತ್ಯಾಗ ಅಂತ ಹತ್ತು ಗುಣ ಬರೆದಿದ್ದೆ. ದೇಶದ ಚಿಂತೆ ಮಾಡೋಕೆ ನಾನ್ಯಾರು ಅಂತೀರಾ? ನಮ್ಮ ಓಣಿಯ ವಾಚನಾಲಯದ ಅಧ್ಯಕ್ಷ. ಹದಿನಾಲ್ಕು ವರ್ಷದಿಂದ! ಅವತ್ತು ಸಂಜೆಯೇ ಹೊಸ ಅಧ್ಯಕ್ಷರ ಆಯ್ಕೆ. ಅದೂ ನಾನೇ ಅಂತ ಎಲ್ಲರಿಗೂ ಗೊತ್ತಿತ್ತು, ಎಲ್ಲರಿಗಿಂತ ಮೊದಲು ನನಗೆ.

ಆ ಘಾಟಿಗೆ ಫಕೀರಪ್ಪ ನೆನಪಾದ. ಕಾಲೇಜು ಓದುವಾಗ ದಸರಾ ರಜೆಯಲ್ಲಿ ನಾನು ಬ್ಯಾಡಗಿ ಮಾರ್ಕೆಟ್ಟಿನ ದಲಾಲಿ ಅಂಗಡಿಯೊಂದರಲ್ಲಿ ಚೀಟಿ ಬರೀತಿದ್ದೆ. ಫಕೀರಪ್ಪ ಅಲ್ಲಿಯ ಹಮಾಲರ ಮುಕಾದಮ, ಅಂದರೆ ಗುಂಪಿನ ಮುಖ್ಯಸ್ಥ. ಅವರಲ್ಲೊಂದು ಪದ್ಧತಿಯಿತ್ತು. ಖಂಡೇಪೂಜೆಯ ದಿನ, ಅಂದರೆ ದಸರೆಯ ಆಯುಧಪೂಜೆಗೆ, ಎಲ್ಲರೂ ಚೀಲ ಎಳೆಯುವ ಕಬ್ಬಿಣದ ಕೊಕ್ಕಿಗಳನ್ನು ದೇವಿ ಮುಂದೆ ಇಡುವರು. ಪೂಜೆ ಮುಗಿದ ಮೇಲೆ ಮುಕಾದಮನ ಕೊಕ್ಕಿಯನ್ನು ಗುಂಪಿನವರು ಎತ್ತಿ, ಮುಂದಿನ ವರ್ಷಕ್ಕೆ ಯಾರು ಬೇಕೋ ಅವರ ಕೈಗೆ ಕೊಡಬೇಕು. ಅದು ಪ್ರತಿ ಸಲವೂ ಫಕೀರಪ್ಪನ ಕೈಗೇ ಬರುತ್ತಿತ್ತು.

ಆ ವರ್ಷ ಪೂಜೆಗೆ ನಾಲ್ಕು ದಿನ ಮೊದಲು ಗೋದಾಮಿನಲ್ಲಿ ಚೀಲದ ಮೇಲೆ ಚೀಲ ಪೇರಿಸಿ ಎತ್ತರದ ಥಪ್ಪಿ ಒಟ್ಟುತ್ತಿದ್ದರು. ನಿಂಗಪ್ಪ ಅನ್ನೋ ಹಮಾಲ, “ಯಣ್ಣಾ, ಥಪ್ಪಿ ವಾಲಾಕತ್ತೇತಿ, ಸಾಕು” ಅಂದ.

“ನಿನಗ ಹೆದರಿಕಿ ಭಾಳ. ಇನ್ನೆರಡು ಸಾಲು ಏರಸ್ರಲೇ!” ಅಂತ ಫಕೀರಪ್ಪ ನಕ್ಕ.

ಮಧ್ಯಾಹ್ನ ಥಪ್ಪಿ ಧಡಲ್ ಅಂತ ಕುಸಿಯಿತು. ಕೆಳಗಿದ್ದ ಇಬ್ಬರನ್ನು ನಿಂಗಪ್ಪ ರಟ್ಟೆ ಹಿಡಿದು ಎಳೆದದ್ದಕ್ಕೆ ಬದುಕಿದರು.

ಪೂಜೆಯ ದಿನ ಗುಂಪು ಮತ್ತೆ ಫಕೀರಪ್ಪನಿಗೇ ಕೊಕ್ಕಿ ಕೊಟ್ಟಿತು. ಅವನ ಮೇಲೆ ಅಷ್ಟು ಪ್ರೀತಿ. ಅವನು ಅದನ್ನು ಕಣ್ಣಿಗೊತ್ತಿಕೊಂಡು ನಿಂಗಪ್ಪನ ಕೈಯಲ್ಲಿಟ್ಟ.

“ಬ್ಯಾಡ ಯಣ್ಣಾ, ನೀ ಇರಬೇಕಾದ್ರ ನಾ ಹೆಂಗ...”

“ಇಬ್ಬರ ಜೀವ ಹೋಗತಿತ್ತು. ನೀ ಹೇಳಿದಿ, ನಾ ಕೇಳಲಿಲ್ಲ. ಹಿಡಿ.”

ಅದಕ್ಕಿಂತ ಹೆಚ್ಚು ನಾನು ಬೆರಗಾದದ್ದು ಮರುದಿನ. ಫಕೀರಪ್ಪ ಸಾಲಿನ ಕೊನೆಗೆ ನಿಂತು, “ನಿಂಗಪ್ಪಾ, ನಾ ಯಾವ ಲಾರಿಗೆ ಹೋಗ್ಲಿ?” ಅಂತ ಕೇಳುತ್ತಿದ್ದ. ಮುಖದಲ್ಲಿ ಒಂಚೂರೂ ಸಿಟ್ಟಿರಲಿಲ್ಲ.

ಬಸ್ಸಿನಲ್ಲಿ ಪಕ್ಕದ ಅಜ್ಜಿ ಹಾಳೆ ತಿರುಗಿ ಕೊಟ್ಟಳು. ಹತ್ತೂ ಗುಣ ಓದಿದೆ, ಫಕೀರಪ್ಪನ ಈ ಗುಣ ಅದರಲ್ಲಿರಲಿಲ್ಲ. ನಮ್ಮೂರ ಶಾಲೆಯ ಸರೋಜಾ ಅಕ್ಕೋರು ನೆನಪಾದರು. ವಾಚನಾಲಯ ಐದಕ್ಕೇ ಮುಚ್ಚಿದರೆ ಕಾಲೇಜು ಬಿಟ್ಟು ಬರೋ ಹುಡುಗಿಯರು ಓದೋದು ಯಾವಾಗ, ಎಂಟರ ತನಕ ತೆಗೀರಿ ಅಂತ ಮೂರು ವರ್ಷದಿಂದ ಕೇಳುತ್ತಿದ್ದರು. ನಾನು “ನೋಡೂಣ್ರಿ” ಅಂತಿದ್ದೆ. ನಾಚಿಕೆಯಾಯಿತು, ಖರೇ ಹೇಳ್ತೀನಿ.

ಕಾಲೇಜಿನಲ್ಲಿ ಹಾಳೆ ಮಡಚಿಟ್ಟು ಫಕೀರಪ್ಪನ ಕಥೆಯನ್ನಷ್ಟೇ ಹೇಳಿದೆ. ದೇಶ ನಡೆಸೋರಿಗೂ ‘ವಾಲಾಕತ್ತೇತಿ’ ಅನ್ನೋ ಮಾತು ಕೇಳಿಸಬೇಕು, ಕೇಳಿಸದಿದ್ದ ದಿನ ಕೊಕ್ಕಿ ಕೊಟ್ಟು ಸಾಲಿಗೆ ಬರಬೇಕು ಅಂದೆ. ಚಪ್ಪಾಳೆ ಬಿತ್ತು. ಸಂಜೆ ಸಭೆಯಲ್ಲಿ ಎಲ್ಲರೂ ನನ್ನ ಹೆಸರನ್ನೇ ಹೇಳಿದಾಗ ವಾಚನಾಲಯದ ಕೀಲಿಕೈ ಅಕ್ಕೋರ ಮುಂದಿಟ್ಟೆ. “ಇನ್ನ ಮ್ಯಾಲೆ ನೀವ ಅಧ್ಯಕ್ಷರು” ಅಂದು, ಕೀಲಿಕೈಯನ್ನು ಇನ್ನೊಮ್ಮೆ ನೋಡಿದೆ. ಹದಿನಾಲ್ಕು ವರ್ಷ ಅಂದರೆ ಸುಮ್ಮನೆ ಅಲ್ಲ.

ನಿನ್ನೆ ಸಂಜೆ ಏಳಕ್ಕೆ ಹೋದೆ. ಲೈಟು ಉರೀತಿತ್ತು, ಒಳಗೆ ಕೂಡಲು ಜಾಗವಿರಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದೆ: “ಅಕ್ಕೋರ, ನಾ ಏನ್ ಮಾಡ್ಲಿರಿ?”

“ಹೊರಗಿಂದ ಎರಡು ಕುರ್ಚಿ ತಗೊಂಡ್ ಬರ್ರಿ” ಅಂದರು.

ತಂದು ಹಾಕಿದೆ. ಇಬ್ಬರು ಹುಡುಗಿಯರು ಕೂತರು. ನಾನು ನಿಂತೇ ಪೇಪರ್ ಓದಿದೆ.