ನಾಲ್ಕನೆಯ ಚೌಕ

ಚಿಮಣಿಎಣ್ಣೆ ಡಬ್ಬಿ ಹಿಡಿದು ಬಂದ ಗುಂಪು ಪಕ್ಕದ ಮಾಸ್ತರರ ಮನೆ ಮುಂದೆ ಗಕ್ಕನೆ ನಿಂತಿತು. ಅವರ ಬಾಗಿಲಿನ ಅಗಲಕ್ಕೂ ನಮ್ಮವ್ವ ರಂಗೋಲಿಯಲ್ಲಿ ನಾಲ್ಕು ಚೌಕ ಎಳೆದು, ಪಕ್ಕದಲ್ಲೇ ಕೂತಿದ್ದಳು.

ನಲವತ್ತೆಂಟರಲ್ಲಿ ದಿಲ್ಲಿಯಲ್ಲಿ ರಾಷ್ಟ್ರಪಿತರನ್ನು ಗುಂಡಿಟ್ಟು ಕೊಂದ ಮೂರನೆಯ ದಿನ ಅದು. ಕೊಂದವನ ಜಾತಿಯಲ್ಲಿ ಹುಟ್ಟಿದ್ದಷ್ಟೇ ಮಾಸ್ತರರ ತಪ್ಪು. ಸೂತಕವೆಂದು ಬ್ಯಾಡಗಿಯ ನಮ್ಮ ಓಣಿಯಲ್ಲಿ ಬೇರೆ ಯಾರೂ ರಂಗೋಲಿ ಹಾಕಿರಲಿಲ್ಲ. ಅವ್ವನ ಮೊದಲ ಚೌಕದಲ್ಲಿ ಕೋಲೂರಿ ನಡೆಯುವ ಅಜ್ಜ, ಎರಡನೆಯದರಲ್ಲಿ ಪಿಸ್ತೂಲು, ಮೂರನೆಯದರಲ್ಲಿ ನೆಲಕ್ಕೆ ಬಿದ್ದ ಅದೇ ಅಜ್ಜ. ನೆತ್ತರಿಗೆ ನಮ್ಮನೆಯ ಮೆಣಸಿನಪುಡಿ. ನಾಲ್ಕನೆಯದು ಖಾಲಿ.

“ಅಕ್ಕಾರ, ಇದನ್ಯಾಕ ಖಾಲಿ ಬಿಟ್ಟೀರಿ?” ಡಬ್ಬಿ ಹಿಡಿದವನು ಕೇಳಿದ.

“ಅದು ನಿಮ್ಮದೈತಿ. ಈ ಅಜ್ಜನ್ನ ತುಳದು ಒಳಗ ಹೋಗ್ರಿ. ನೀವೇನ್ ಮಾಡ್ತೀರಿ ನೋಡಿ ಬರೀತೇನಿ.”

ಒಬ್ಬನೂ ಕಾಲೆತ್ತಲಿಲ್ಲ. ಡಬ್ಬಿಯನ್ನು ಅಲ್ಲೇ ಕೆಳಗಿಟ್ಟು, ಒಬ್ಬೊಬ್ಬರಾಗಿ ಬಂದ ದಾರಿಯಲ್ಲೇ ಹೋದರು.

ಓದುಬರಹ ಬಾರದ ಅವ್ವ ಆಮೇಲೆ ಆ ಚೌಕದಲ್ಲಿ ಬರೆದದ್ದು ಮಾಸ್ತರರ ಬಾಗಿಲು, ಅದರ ಮುಂದೆ ಬಿಟ್ಟುಹೋದ ಡಬ್ಬಿ, ಅಷ್ಟೇ. ಆ ಗಂಡಸರ ಮುಖ ಬರೆಯಲಿಲ್ಲ; ದಿನಾ ಎದುರಾಗುವ ನಮ್ಮೂರವರೇ ಅಲ್ಲವೇ! ಆಕೆಯ ಮಗಳು ನಾನು ಎನ್ನುವಾಗ ಇವತ್ತಿಗೂ ನನ್ನ ದನಿ ತುಸು ದೊಡ್ಡದೇ ಆಗುತ್ತದೆ.